ಅಪ್ಪ ಆಪರೇಷನ್ ಮಾಡಿಸಿಕೊಂಡರು, ಕಾಕಾ ಗುಳಿಗೆ ಸಾಕು ಅಂದರು: ಪ್ರಾಸ್ಟೇಟ್ ದೊಡ್ಡದಾದಾಗ ಯಾರಿಗೆ ಯಾವ ದಾರಿ

ನಮ್ಮೂರು ಮುಧೋಳದ ಹತ್ತಿರ. ಅಪ್ಪನಿಗೆ 71, ಕಾಕಾನಿಗೆ 67. ಇಬ್ಬರಿಗೂ ಪ್ರಾಸ್ಟೇಟ್ ದೊಡ್ಡದಾಗಿದೆ. ಅಪ್ಪನದು 44 ಗ್ರಾಂ ಇತ್ತು, ಕಾಕಾನದು 62 ಗ್ರಾಂ. ಆಪರೇಷನ್ ಆಗಿದ್ದು ಅಪ್ಪನಿಗೆ. ಕಾಕಾ ಮೂರು ವರ್ಷದಿಂದ ಗುಳಿಗೆಯ ಮೇಲೆ ಆರಾಮಾಗಿ ಇದ್ದಾರೆ.

ಇದನ್ನು ಹೇಳಿದರೆ ಊರಲ್ಲಿ ಎಲ್ಲರೂ ಕೇಳುವುದು ಒಂದೇ. "ದೊಡ್ಡದಿದ್ದವರನ್ನ ಬಿಟ್ಟು ಸಣ್ಣದಿದ್ದವರಿಗೆ ಯಾಕ ಆಪರೇಷನ್ ಮಾಡಿದ್ರು?" ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಗೊತ್ತಾದರೆ ಅರ್ಧ ನಿರ್ಧಾರ ಮಾಡಿದ ಹಾಗೆಯೇ. ನಮಗೆ ಆ ಉತ್ತರ ಸಿಗಲು ಒಂದು ಕೆಟ್ಟ ರಾತ್ರಿ ಬೇಕಾಯಿತು. ನಿಮಗೆ ಬೇಕಾಗಬಾರದು ಅಂತ ಬರೆಯುತ್ತಿದ್ದೇನೆ.

ಗ್ರಾಂ ಲೆಕ್ಕ ಯಾಕೆ ಸಾಲದು

ಪ್ರಾಸ್ಟೇಟ್ ಗ್ರಂಥಿ ಮೂತ್ರಕೋಶದ ಕೆಳಗೆ ಇರುತ್ತದೆ. ಮೂತ್ರ ಹೊರಗೆ ಬರುವ ನಾಳ ಅದರ ನಡುವಿನಿಂದಲೇ ಹಾದು ಬರುತ್ತದೆ. ಹರೆಯದಲ್ಲಿ ಅದರ ತೂಕ ಸುಮಾರು 20 ಗ್ರಾಂ. ವಯಸ್ಸಾದಂತೆ ಬೆಳೆಯುತ್ತದೆ. 60 ದಾಟಿದ ಗಂಡಸರಲ್ಲಿ ಅರ್ಧದಷ್ಟು ಜನರಿಗೆ ಸ್ವಲ್ಪವಾದರೂ ಬೆಳೆದಿರುತ್ತದೆ. ಆದ್ದರಿಂದ ಬೇರೆ ಯಾವುದಕ್ಕೋ ಸ್ಕ್ಯಾನಿಂಗ್ ಮಾಡಿಸಿದಾಗ ರಿಪೋರ್ಟಿನಲ್ಲಿ "ಗ್ರೇಡ್ ಟೂ ಪ್ರಾಸ್ಟಟೋಮೆಗಲಿ" ಅಂತ ಬರೆದಿದ್ದರೆ ಗಾಬರಿ ಆಗಬೇಡಿ. ತೊಂದರೆ ಏನೂ ಇಲ್ಲದಿದ್ದರೆ ಆ ಒಂದು ಸಾಲಿಗಾಗಿ ಯಾರೂ ಆಪರೇಷನ್ ಮಾಡಿಸಬೇಕಿಲ್ಲ.

ಎಷ್ಟು ಬೆಳೆದಿದೆ ಅನ್ನುವುದಕ್ಕಿಂತ ಎತ್ತ ಬೆಳೆದಿದೆ ಅನ್ನುವುದು ಮುಖ್ಯ. ಕಾಕಾನದು ಎರಡೂ ಬದಿಗೆ, ಹೊರಮುಖವಾಗಿ ಬೆಳೆದಿತ್ತು. ಅಪ್ಪನದು ನಡುವಿನ ಭಾಗ ಮೇಲಕ್ಕೆ ಎದ್ದು ಮೂತ್ರಕೋಶದ ಒಳಗೇ ತಲೆ ಹಾಕಿತ್ತು. ನೀರಿನ ತೊಟ್ಟಿಯ ತೂತಿಗೆ ಒಳಗಿಂದ ಒಂದು ಚೆಂಡು ಬಂದು ಕುಳಿತರೆ ಹೇಗೆ? ಒತ್ತಿದಷ್ಟೂ ಅದು ಗಟ್ಟಿಯಾಗಿ ಕೂರುತ್ತದೆ. ಇಂಥವರಿಗೆ ಗುಳಿಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸೋನೋಗ್ರಾಫಿ ಮಾಡುವಾಗ "ನಡುವಿನ ಭಾಗ ಮೂತ್ರಕೋಶದೊಳಗೆ ಬಂದಿದೆಯಾ?" ಅಂತ ಒಂದು ಮಾತು ಕೇಳಿ. ನಾವು ಕೇಳಿರಲಿಲ್ಲ.

ಯಾರಿಗೆ ಆಯ್ಕೆಯೇ ಇಲ್ಲ

ಕೆಲವರ ವಿಷಯದಲ್ಲಿ ಗುಳಿಗೆಯೋ ಆಪರೇಷನ್ನೋ ಅನ್ನುವ ಚರ್ಚೆಗೆ ಜಾಗವಿಲ್ಲ. ಮೂತ್ರ ಪೂರ್ತಿ ಕಟ್ಟಿ ಪೈಪ್ ಹಾಕಿಸಿಕೊಂಡು, ಅದನ್ನು ತೆಗೆದ ಮೇಲೂ ಮತ್ತೆ ಕಟ್ಟಿದವರು. ಮೂತ್ರ ಹಿಂದಕ್ಕೆ ಒತ್ತಿ ಕಿಡ್ನಿ ಊದಿಕೊಂಡು ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತದ ಅಂಕಿ) ಏರುತ್ತಿರುವವರು. ಮೂತ್ರಕೋಶದಲ್ಲಿ ಕಲ್ಲು ಆದವರು. ಪದೇ ಪದೇ ಸೋಂಕು, ಚಳಿಜ್ವರ ಬರುವವರು. ಪ್ರಾಸ್ಟೇಟಿನಿಂದ ಮತ್ತೆ ಮತ್ತೆ ರಕ್ತ ಹೋಗುವವರು. ಇನ್ನು ಕೆಲವರಿಗೆ ಮೂತ್ರಕೋಶ ಯಾವಾಗಲೂ ತುಂಬಿದ್ದು, ತಿಳಿಯದೆಯೇ ಹನಿ ಹನಿ ಸೋರುತ್ತಿರುತ್ತದೆ. ಇವರಿಗೆಲ್ಲ ದೇಹ ತಡೆದುಕೊಳ್ಳುವಂತಿದ್ದರೆ ಆಪರೇಷನ್ನೇ ಸರಿ. "ಇನ್ನೊಂದು ವರ್ಷ ನೋಡೋಣ" ಅಂದರೆ ಆ ವರ್ಷದ ಬೆಲೆಯನ್ನು ಕಿಡ್ನಿ ಕೊಡಬೇಕಾಗುತ್ತದೆ.

ಅಪ್ಪ ಈ ಗುಂಪಿಗೆ ಸೇರಿದ್ದು ಒಂದು ಡಿಸೆಂಬರಿನಲ್ಲಿ. ಅದಕ್ಕೆ ಮೊದಲು ಎರಡು ವರ್ಷ ಲಕ್ಷಣ ಎಲ್ಲಾ ಇದ್ದವು. ಬಸ್ಸು ಹತ್ತುವ ಮೊದಲು ಎರಡು ಸಲ ಹೋಗಿಬರುವುದು. ರಾತ್ರಿ ನಾಲ್ಕೈದು ಸಲ ಏಳುವುದು. ಮದುವೆ ಮನೆಗೆ ಹೋದರೆ ನೀರೇ ಕುಡಿಯದೆ ಕೂರುವುದು. ಕೇಳಿದರೆ "ವಯಸ್ಸಾತಪಾ, ಮತ್ತೇನು" ಅನ್ನುತ್ತಿದ್ದರು. ಆ ಡಿಸೆಂಬರಿನಲ್ಲಿ ನೆಗಡಿ ಬಂತು. ಔಷಧಿ ಅಂಗಡಿಯಿಂದ ನೆಗಡಿ ಗುಳಿಗೆ ತಂದುಕೊಟ್ಟವನು ನಾನೇ. ಎರಡು ದಿನ ತೆಗೆದುಕೊಂಡರು. ಮೂರನೆಯ ರಾತ್ರಿ ಬಚ್ಚಲಲ್ಲಿ ಒಂದು ತಾಸು ನಿಂತರೂ ಒಂದು ಹನಿ ಬರಲಿಲ್ಲ. ಕೆಳಹೊಟ್ಟೆ ಕಲ್ಲಿನ ಹಾಗೆ ಆಗಿತ್ತು. ಬಾಗಲಕೋಟೆಗೆ ಗಾಡಿ ಮಾಡಿಕೊಂಡು ಹೋಗುವಷ್ಟರಲ್ಲಿ ಅವರು ಅಳುತ್ತಿದ್ದರು. ಅಪ್ಪ ಅತ್ತಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಮೂಗು ಕಟ್ಟಿದ್ದಕ್ಕೆ ಕೊಡುವ ಸುಡೋಎಫೆಡ್ರಿನ್, ಫಿನೈಲೆಫ್ರಿನ್, ನೆಗಡಿಗೆ ಕೊಡುವ ಕ್ಲೋರ್‌ಫೆನಿರಮಿನ್ ಇವೆಲ್ಲ ಪ್ರಾಸ್ಟೇಟ್ ತೊಂದರೆ ಇದ್ದವರಲ್ಲಿ ಮೂತ್ರ ಕಟ್ಟಿಸಬಲ್ಲವು. ಮನೆಯಲ್ಲಿ 60 ದಾಟಿದವರಿದ್ದರೆ ಡಾಕ್ಟರನ್ನು ಕೇಳದೆ ನೆಗಡಿ ಗುಳಿಗೆ ತರಬೇಡಿ. ಇದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಹೀಗೆ ಒಮ್ಮೆ ಕಟ್ಟಿದ ಕೂಡಲೇ ಆಪರೇಷನ್ ಅಂತೇನೂ ಇಲ್ಲ. ಪೈಪ್ ಹಾಕಿ, ಟ್ಯಾಮ್ಸುಲೋಸಿನ್ ಥರದ ಗುಳಿಗೆ ಶುರು ಮಾಡಿ, ಕೆಲವು ದಿನ ಬಿಟ್ಟು ಪೈಪ್ ತೆಗೆದು ನೋಡುತ್ತಾರೆ. ತಾನಾಗಿಯೇ ಸರಿಯಾಗಿ ಮೂತ್ರ ಬಂದವರು ಗುಳಿಗೆಯ ಮೇಲೆ ಮುಂದುವರಿಯಬಹುದು. ಅಪ್ಪನಿಗೆ ಎರಡು ಸಲ ತೆಗೆದು ನೋಡಿದರು. ಎರಡೂ ಸಲ ಸಂಜೆಯೊಳಗೆ ಮತ್ತೆ ಹಾಕಬೇಕಾಯಿತು. ಅಲ್ಲಿಗೆ ಅವರ ನಿರ್ಧಾರ ಆಯಿತು.

ಆಯ್ಕೆ ಇದ್ದವರು ಏನೇನು ನೋಡಬೇಕು

ಮೂತ್ರ ಕಟ್ಟಿಲ್ಲ, ಕಿಡ್ನಿ ಚೆನ್ನಾಗಿದೆ, ಆದರೆ ದಿನಾ ಕಿರಿಕಿರಿ. ಹೆಚ್ಚಿನವರು ಇಲ್ಲಿರುತ್ತಾರೆ. ಕಾಕಾನೂ ಇಲ್ಲೇ ಇದ್ದರು. ಇವರು ನಿರ್ಧರಿಸಬೇಕಾದ್ದು ತಮ್ಮ ತೊಂದರೆಯನ್ನು ಅಳೆದು ನೋಡಿ.

ಅದಕ್ಕೆ ಐಪಿಎಸ್‌ಎಸ್ ಅನ್ನುವ ಏಳು ಪ್ರಶ್ನೆಗಳ ಹಾಳೆ ಇದೆ. ಹೋದ ಒಂದು ತಿಂಗಳಲ್ಲಿ ಧಾರೆ ಎಷ್ಟು ಸಲ ಸಣ್ಣದಾಗಿತ್ತು, ನಡುನಡುವೆ ನಿಂತು ನಿಂತು ಬಂತಾ, ಮುಗಿದ ಮೇಲೂ ಇನ್ನೂ ಉಳಿದಿದೆ ಅನ್ನಿಸಿತಾ, ರಾತ್ರಿ ಎಷ್ಟು ಸಲ ಎದ್ದಿರಿ, ಹೀಗೆ. ಒಂದೊಂದಕ್ಕೆ 0ರಿಂದ 5 ಅಂಕ, ಒಟ್ಟು 35. ಅಂಕ 7ರೊಳಗಿದ್ದರೆ ತೊಂದರೆ ಕಡಿಮೆ, 8ರಿಂದ 19 ಮಧ್ಯಮ, 20 ಮುಟ್ಟಿದರೆ ಜಾಸ್ತಿ. ಕೊನೆಗೆ ಇನ್ನೊಂದು ಪ್ರಶ್ನೆ ಬರುತ್ತದೆ: ಉಳಿದ ಆಯುಷ್ಯವೆಲ್ಲ ಹೀಗೇ ಇದ್ದರೆ ನಿಮಗೆ ಹೇಗನ್ನಿಸುತ್ತದೆ? ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಅದು. ಕಾಕಾನ ಅಂಕ ಮೊದಲು 17 ಇತ್ತು. ಆದರೂ ಈ ಪ್ರಶ್ನೆಗೆ "ನಡಿತೈತಿ" ಅಂದರು. ಅದೇ 17 ಅಂಕ ಇರುವ ಬಸ್ ಡ್ರೈವರ್ ಹಾಗೆ ಅನ್ನಲಾರ.

ಇದರ ಜೊತೆ ಮೂತ್ರದ ವೇಗದ ಪರೀಕ್ಷೆ ಇದೆ. ಒಂದು ಯಂತ್ರಕ್ಕೆ ಜೋಡಿಸಿದ ಪಾತ್ರೆಯಲ್ಲಿ ಮೂತ್ರ ಮಾಡಬೇಕು, ಅಷ್ಟೇ. ಸೆಕೆಂಡಿಗೆ 15 ಎಂಎಲ್ ದಾಟಿದರೆ ಚೆನ್ನಾಗಿದೆ. 10ಕ್ಕಿಂತ ಕೆಳಗಿದ್ದರೆ ಅಡ್ಡಿ ಇರುವ ಸಾಧ್ಯತೆ ಹೆಚ್ಚು. ಒಟ್ಟು ಮೂತ್ರ 150 ಎಂಎಲ್ ಆದರೂ ಇರಬೇಕು, ಇಲ್ಲದಿದ್ದರೆ ಅಂಕಿ ನಂಬುವ ಹಾಗಿಲ್ಲ. ಆಮೇಲೆ ಸ್ಕ್ಯಾನಿಂಗಿನಲ್ಲಿ ಒಳಗೆ ಎಷ್ಟು ಉಳಿದಿದೆ ಅಂತ ನೋಡುತ್ತಾರೆ. ಪ್ರತಿ ಸಲವೂ ತುಂಬಾ ಉಳಿಯುತ್ತಿದ್ದರೆ ಮೂತ್ರಕೋಶ ಸೋಲುತ್ತಿದೆ ಎಂದರ್ಥ.

ಈ ಮೂತ್ರಕೋಶದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅದೂ ಒಂದು ಸ್ನಾಯುವಿನ ಚೀಲ. ಕೆಳಗೆ ಅಡ್ಡಿ ಇದ್ದರೆ ಮೊದಮೊದಲು ಜಾಸ್ತಿ ಬಲ ಹಾಕಿ ದಪ್ಪವಾಗುತ್ತದೆ. ವರ್ಷಗಟ್ಟಲೆ ಹಾಗೇ ನಡೆದರೆ ದಣಿದು ಸಡಿಲವಾಗುತ್ತದೆ. ಅಂಥ ಸ್ಥಿತಿಗೆ ಬಂದ ಮೇಲೆ ಪ್ರಾಸ್ಟೇಟಿನ ಅಡ್ಡಿ ತೆಗೆದರೂ ಅದು ತನ್ನ ಬಲಕ್ಕೆ ಪೂರ್ತಿ ಮರಳುತ್ತದೆ ಅನ್ನುವ ಭರವಸೆ ಇಲ್ಲ. ಹಳೆಯ ಶುಗರ್, ಪಾರ್ಶ್ವವಾಯು, ಪಾರ್ಕಿನ್ಸನ್ ಇದ್ದವರಲ್ಲಿ ನರದ ತೊಂದರೆಯಿಂದಲೂ ಮೂತ್ರಕೋಶ ಸೋಲುತ್ತದೆ. ಅವರು ಆಪರೇಷನ್‌ಗೆ ಒಪ್ಪುವ ಮೊದಲು ಮೂತ್ರಕೋಶದ ಒತ್ತಡ, ಬಲ ಅಳೆಯುವ ಯುರೋಡೈನಮಿಕ್ ಪರೀಕ್ಷೆ ಬೇಕಾ ಅಂತ ಕೇಳಲೇಬೇಕು.

ರಾತ್ರಿ ಏಳುವುದೊಂದೇ ನಿಮ್ಮ ತೊಂದರೆಯಾ? ಹಾಗಾದರೆ ತಡೆಯಿರಿ. ಮೂರು ದಿನ ಒಂದು ಅಳತೆ ಲೋಟ ಇಟ್ಟುಕೊಂಡು ಯಾವಾಗ ಎಷ್ಟು ಮೂತ್ರ ಹೋಯಿತು ಅಂತ ಬರೆದಿಡಿ. ದಿನದ ಒಟ್ಟು ಮೂತ್ರದಲ್ಲಿ ಮೂರನೆಯ ಒಂದು ಪಾಲಿಗಿಂತ ಜಾಸ್ತಿ ರಾತ್ರಿಯೇ ಹೋಗುತ್ತಿದ್ದರೆ, ದೇಹ ರಾತ್ರಿ ಹೊತ್ತು ಮೂತ್ರ ತಯಾರಿಸುವುದೇ ಜಾಸ್ತಿ ಅಂತಾಯಿತು. ಶುಗರ್, ಕಾಲು ಬಾವು, ಹೃದಯದ ತೊಂದರೆ, ಗೊರಕೆಯಲ್ಲಿ ಉಸಿರು ಕಟ್ಟುವುದು, ಸಂಜೆ ನುಂಗುವ ನೀರಿಳಿಸುವ ಗುಳಿಗೆ, ಮಲಗುವ ಮುಂಚಿನ ಚಹಾ, ಇವೆಲ್ಲ ಕಾರಣ ಇರಬಹುದು. ಪ್ರಾಸ್ಟೇಟ್ ಆಪರೇಷನ್ ಇದನ್ನು ಸರಿಮಾಡುವುದಿಲ್ಲ. ಧಾರೆ ಜೋರಾಗುತ್ತದೆ, ಆದರೆ ನಿದ್ದೆ ಹಾಗೇ ಕೆಡುತ್ತದೆ.

ನಮ್ಮ ಭಾಗದವರಿಗೆ ಇನ್ನೊಂದು ಮಾತು. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ಪದೇ ಪದೇ ಹೋಗಬೇಕಾಗುತ್ತದೆ ಅಂತ ನೀರು ಬಿಡಬೇಡಿ. ಕಲ್ಲು, ಸೋಂಕು ಎರಡಕ್ಕೂ ದಾರಿ ಮಾಡಿಕೊಟ್ಟಂತೆ. ಹಗಲು ಚೆನ್ನಾಗಿ ಕುಡಿದು, ಸಂಜೆ ಏಳರ ನಂತರ ಕಡಿಮೆ ಮಾಡಿದರೆ ಸಾಕು.

ಗುಳಿಗೆ: ಎರಡು ಜಾತಿ, ಎರಡು ಕೆಲಸ

ಟ್ಯಾಮ್ಸುಲೋಸಿನ್, ಆಲ್ಫುಜೋಸಿನ್, ಸಿಲೋಡೋಸಿನ್ ಒಂದು ಜಾತಿ. ಇವು ಪ್ರಾಸ್ಟೇಟನ್ನು ಚಿಕ್ಕದು ಮಾಡುವುದಿಲ್ಲ, ಅಲ್ಲಿನ ಬಿಗಿ ಸಡಿಲಿಸುತ್ತವೆ. ಕೆಲವೇ ದಿನಗಳಲ್ಲಿ ಗುಣ ಕಾಣುತ್ತದೆ. ಎದ್ದು ನಿಂತಾಗ ತಲೆಸುತ್ತು ಬರಬಹುದು. ಬಿಪಿ ಗುಳಿಗೆ ಇರುವವರು ರಾತ್ರಿ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಆಮೇಲೆ ಏಳಬೇಕು. ಕಣ್ಣಿನ ಪೊರೆಯ ಆಪರೇಷನ್ ಇದ್ದರೆ ಈ ಗುಳಿಗೆ ತೆಗೆದುಕೊಳ್ಳುತ್ತಿರುವುದನ್ನು ಕಣ್ಣಿನ ಡಾಕ್ಟರಿಗೆ ಮೊದಲೇ ಹೇಳಿ. ಇದರಿಂದ ಆಪರೇಷನ್ ನಡೆಯುವಾಗ ಕಣ್ಣಿನ ಪಾಪೆ ಸಡಿಲಾಗಿ ತೊಂದರೆ ಕೊಡಬಹುದು. ಮೊದಲೇ ಗೊತ್ತಿದ್ದರೆ ಅವರು ತಯಾರಿ ಮಾಡಿಕೊಳ್ಳುತ್ತಾರೆ.

ಫಿನಾಸ್ಟೆರೈಡ್, ಡ್ಯುಟಾಸ್ಟೆರೈಡ್ ಇನ್ನೊಂದು ಜಾತಿ. ಇವು ಗ್ರಂಥಿಯನ್ನೇ ನಿಧಾನವಾಗಿ ಕುಗ್ಗಿಸುತ್ತವೆ, ಸುಮಾರು ಕಾಲು ಭಾಗದಷ್ಟು. ಆದರೆ ಆರು ತಿಂಗಳು ತಾಳ್ಮೆ ಬೇಕು. ಗ್ರಂಥಿ ದೊಡ್ಡದಿದ್ದವರಿಗೇ ಇವುಗಳ ಲಾಭ ಜಾಸ್ತಿ. ಊರಿನವರ ಪ್ರಶ್ನೆಗೆ ಉತ್ತರದ ಇನ್ನರ್ಧ ಇಲ್ಲಿದೆ ನೋಡಿ. 62 ಗ್ರಾಂ ಇದ್ದ ಕಾಕಾನಿಗೆ ಎರಡೂ ಜಾತಿಯ ಗುಳಿಗೆ ಸೇರಿಸಿ ಕೊಟ್ಟರು. ಒಂದು ವರ್ಷದಲ್ಲಿ ಅವರ ಅಂಕ 17ರಿಂದ 9ಕ್ಕೆ ಇಳಿಯಿತು. ಕಾಮದ ಆಸೆ ಕಡಿಮೆಯಾಗುವುದು, ನಿಮಿರುವಿಕೆಯಲ್ಲಿ ತೊಂದರೆ ಕೆಲವರಿಗೆ ಆಗುತ್ತದೆ. ಹಾಗಾದರೆ ಡಾಕ್ಟರಿಗೆ ಹೇಳಿ, ಸುಮ್ನೆ ಗುಳಿಗೆ ಬಿಡಬೇಡಿ.

ಈ ಎರಡನೆಯ ಜಾತಿಯ ಗುಳಿಗೆ ಪಿಎಸ್‌ಎ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಪಿಎಸ್‌ಎ ಅಂದರೆ ಪ್ರಾಸ್ಟೇಟ್ ಕ್ಯಾನ್ಸರಿನ ಅನುಮಾನ ಇದೆಯಾ ಅಂತ ನೋಡುವ ರಕ್ತಪರೀಕ್ಷೆ. ರಿಪೋರ್ಟಿನಲ್ಲಿ 2.5 ಬಂದರೆ ಅದನ್ನು 5 ಅಂತಲೇ ಓದಬೇಕು. ಯಾವ ಡಾಕ್ಟರ ಹತ್ತಿರ ಹೋದರೂ ಗುಳಿಗೆಯ ಚೀಟಿ ಜೊತೆಗಿರಲಿ.

ನೆಗ್ಗಿಲು ಮುಳ್ಳಿನ ಕಷಾಯ, ಪೇಟೆಯ ಸಾ ಪಾಮೆಟೊ ಡಬ್ಬಿ ಬಗ್ಗೆ ಬಹಳ ಜನ ಕೇಳುತ್ತಾರೆ. ಸಾ ಪಾಮೆಟೊ ದೊಡ್ಡ ಪರೀಕ್ಷೆಗಳಲ್ಲಿ ಔಷಧವಿಲ್ಲದ ಖಾಲಿ ಗುಳಿಗೆಗಿಂತ ಹೆಚ್ಚಿನ ಗುಣ ತೋರಿಸಲಿಲ್ಲ. ಕಷಾಯವನ್ನು ನಂಬಿ ಪರೀಕ್ಷೆ ಮುಂದೂಡಬೇಡಿ.

ಆಪರೇಷನ್ ಅಂತಾದರೆ ಯಾವುದು

ನಮ್ಮ ಕಡೆ ಜಾಸ್ತಿ ಕೇಳಿಬರುವ ಹೆಸರು ಟಿಯುಆರ್‌ಪಿ. ಜನರ ಮಾತಿನಲ್ಲಿ ದುರ್ಬೀನಿನ ಆಪರೇಷನ್. ಹೊಟ್ಟೆ ಕೊಯ್ಯುವುದಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಮೂತ್ರದ ದಾರಿಯಿಂದಲೇ ದುರ್ಬೀನು ಹಾಕಿ, ಅಡ್ಡವಾಗಿರುವ ಭಾಗವನ್ನು ಚೂರು ಚೂರಾಗಿ ಕೆರೆದು ತೆಗೆಯುತ್ತಾರೆ. 30ರಿಂದ 80 ಗ್ರಾಂವರೆಗಿನ ಗ್ರಂಥಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಹತ್ತಾರು ವರ್ಷಗಳಿಂದ ನಡೆದುಬಂದ ಪದ್ಧತಿ, ಕೈ ಪಳಗಿದ ಸರ್ಜನ್‌ಗಳು ಸಿಗುತ್ತಾರೆ. ಹಳೆಯ ಮೊನೋಪೋಲಾರ್ ಯಂತ್ರದಲ್ಲಿ ಕೆರೆಯುವಾಗ ಒಳಗೆ ತೊಳೆಯಲು ಗ್ಲೈಸಿನ್ ದ್ರವ ಬಳಸುತ್ತಾರೆ. ಅದು ರಕ್ತಕ್ಕೆ ಸೇರಿ ಸೋಡಿಯಂ ಇಳಿಯುವ ಅಪಾಯ ಇರುತ್ತದೆ. ಬೈಪೋಲಾರ್ ಯಂತ್ರದಲ್ಲಿ ಸಲೈನ್ ಬಳಸುವುದರಿಂದ ಆ ಅಪಾಯ ಇಲ್ಲದಂತೆಯೇ. ಅಪ್ಪನಿಗೆ ಆಗಿದ್ದು ಬೈಪೋಲಾರ್. ಮೂರು ದಿನ ಪೈಪ್, ನಾಲ್ಕನೆಯ ದಿನ ಮನೆ.

ಲೇಸರ್ ಅಂದ ಕೂಡಲೇ ಎಲ್ಲರಿಗೂ ಅದೇ ಮೇಲು ಅನ್ನಿಸುತ್ತದೆ. ಹೋಲೆಪ್ ಎನ್ನುವ ಹೋಲ್ಮಿಯಂ ಲೇಸರ್ ಪದ್ಧತಿಯಲ್ಲಿ ಕಿತ್ತಳೆಯ ಸಿಪ್ಪೆ ಹಾಗೇ ಬಿಟ್ಟು ಒಳಗಿನ ತೊಳೆ ಬಿಡಿಸಿದ ಹಾಗೆ ಬೆಳೆದ ಭಾಗವನ್ನು ಪೂರ್ತಿ ಬಿಡಿಸಿ ತೆಗೆಯುತ್ತಾರೆ. 100 ಗ್ರಾಂ ದಾಟಿದರೂ ಮಾಡಬಹುದು. ರಕ್ತ ಕಡಿಮೆ ಹೋಗುತ್ತದೆ, ಪೈಪ್ ಬೇಗ ತೆಗೆಯುತ್ತಾರೆ, ಮತ್ತೆ ಬೆಳೆದು ಇನ್ನೊಮ್ಮೆ ಮಾಡಿಸುವ ಸಂದರ್ಭ ಬಹಳ ಅಪರೂಪ. ರಕ್ತ ತೆಳುವಾಗಿಸುವ ಗುಳಿಗೆ ಬಿಡಲಾಗದವರಿಗೆ ಲೇಸರ್ ಹೆಚ್ಚು ಸುರಕ್ಷಿತ. ಆದರೆ ಇದು ಕಲಿಯಲು ಕಷ್ಟದ ಕೈಕೆಲಸ. ಮೊದಲ ಕೆಲವು ವಾರ ಕೆಮ್ಮಿದಾಗ, ಎದ್ದಾಗ ಮೂತ್ರ ಸೋರುವುದು ಕೆಲವರಿಗೆ ಇರುತ್ತದೆ. ಹೆಚ್ಚಿನವರಿಗೆ ವ್ಯಾಯಾಮದಿಂದ ಹೋಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, 50 ಗ್ರಾಂ ಗ್ರಂಥಿಗೆ ಸಾವಿರ ಟಿಯುಆರ್‌ಪಿ ಮಾಡಿದ ಕೈ, ಹತ್ತು ಹೋಲೆಪ್ ಮಾಡಿದ ಕೈಗಿಂತ ಮೇಲು. 100 ಗ್ರಾಂ ದಾಟಿದ್ದರೆ ಹೋಲೆಪ್ ಪಳಗಿದವರನ್ನು ಹುಡುಕಿಕೊಂಡು ಬೆಳಗಾವಿಗೋ ಹುಬ್ಬಳ್ಳಿಗೋ ಹೋಗುವುದು ಸಾರ್ಥಕ. ಅಷ್ಟು ದೊಡ್ಡದಕ್ಕೆ ಹೊಟ್ಟೆ ಕೊಯ್ದು ಮಾಡುವ ಹಳೆಯ ಆಪರೇಷನ್ನೂ ಇದೆ. ಅದರಲ್ಲೂ ಗುಣ ಚೆನ್ನಾಗಿಯೇ ಆಗುತ್ತದೆ. ಗಾಯ, ರಕ್ತ, ದವಾಖಾನೆಯ ದಿನಗಳು ಮಾತ್ರ ಜಾಸ್ತಿ.

ಯುರೋಲಿಫ್ಟ್, ರೆಜೂಮ್ ಎಂಬ ಹೊಸ ಸಣ್ಣ ವಿಧಾನಗಳೂ ಬಂದಿವೆ. ಒಂದರಲ್ಲಿ ಕ್ಲಿಪ್ಪಿನಂಥದ್ದು ಹಾಕಿ ದಾರಿ ಅಗಲ ಮಾಡುತ್ತಾರೆ, ಇನ್ನೊಂದರಲ್ಲಿ ಉಗಿಯಿಂದ ಗ್ರಂಥಿ ಕುಗ್ಗಿಸುತ್ತಾರೆ. ಗುಣ ಟಿಯುಆರ್‌ಪಿಯಷ್ಟು ಆಗುವುದಿಲ್ಲ, ವೀರ್ಯಸ್ಖಲನ ಉಳಿಯುವ ಸಾಧ್ಯತೆ ಮಾತ್ರ ಹೆಚ್ಚು.

ಈ ಕೊನೆಯ ಮಾತನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದ್ದರಿಂದ ಹೇಳುತ್ತೇನೆ. ಟಿಯುಆರ್‌ಪಿ ಆದ ಮೇಲೆ ಮೂವರಲ್ಲಿ ಸುಮಾರು ಇಬ್ಬರಿಗೆ ಸುಖದ ಕೊನೆಯಲ್ಲಿ ವೀರ್ಯ ಹೊರಗೆ ಬರುವುದಿಲ್ಲ. ಹಿಂದಕ್ಕೆ ಮೂತ್ರಕೋಶಕ್ಕೆ ಹೋಗಿ ಆಮೇಲೆ ಮೂತ್ರದ ಜೊತೆ ಹೋಗುತ್ತದೆ. ಹೋಲೆಪ್‌ನಲ್ಲೂ ಹಾಗೆಯೇ, ಇನ್ನೂ ಸ್ವಲ್ಪ ಜಾಸ್ತಿ. ಇದರಿಂದ ದೇಹಕ್ಕೆ ಹಾನಿ ಇಲ್ಲ. ನಿಮಿರುವಿಕೆ ಹೆಚ್ಚಿನವರಲ್ಲಿ ಮೊದಲಿನಂತೆಯೇ ಇರುತ್ತದೆ. ಆದರೆ ಮೊದಲೇ ಗೊತ್ತಿರದಿದ್ದರೆ ಗಂಡ ಹೆಂಡತಿ ಇಬ್ಬರೂ ಹೆದರುತ್ತಾರೆ. ಮಕ್ಕಳು ಬೇಕು ಅನ್ನುವ ವಯಸ್ಸಿನವರು ಇದನ್ನು ಯೋಚಿಸಿಯೇ ಒಪ್ಪಬೇಕು. ಮಗನ ಎದುರು ಅಪ್ಪ ಇದನ್ನು ಕೇಳಲಾರರು. ಡಾಕ್ಟರ ಕೋಣೆಯಿಂದ ಐದು ನಿಮಿಷ ನೀವು ಹೊರಗೆ ಬನ್ನಿ.

ಆಪರೇಷನ್ ಆದ ಮೇಲೂ ಗ್ರಂಥಿಯ ಹೊರಭಾಗ ಉಳಿದಿರುತ್ತದೆ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಅಲ್ಲಿಯೇ. ಹಾಗಾಗಿ ಪಿಎಸ್‌ಎ ಎಷ್ಟು ದಿನಕ್ಕೊಮ್ಮೆ ಮಾಡಿಸಬೇಕು ಅಂತ ಡಾಕ್ಟರನ್ನು ಕೇಳಿಟ್ಟುಕೊಳ್ಳಿ. ತೆಗೆದ ಚೂರುಗಳ ಬಯಾಪ್ಸಿ ರಿಪೋರ್ಟು ತಪ್ಪದೆ ಇಸಿದುಕೊಳ್ಳಿ.

ದುಡ್ಡು, ಕಾಲ, ಮನೆಯ ಜನ

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಕಾರ್ಡ್ ನೋಡಿಕೊಳ್ಳಿ. ಅದು 2003ರಲ್ಲಿ ಶುರುವಾಗಿ, ನಡುವೆ ನಿಂತು, ಮತ್ತೆ ಬಂದಿದೆ. ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್‌ಇ ಪ್ರಭಾಕರ ಕೋರೆ ಆಸ್ಪತ್ರೆ, ವಿಜಯಪುರದ ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು, ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆ, ಹೀಗೆ ಮೂರೂ ಜಿಲ್ಲೆಗಳಲ್ಲಿ ಮೆಡಿಕಲ್ ಕಾಲೇಜುಗಳ ದವಾಖಾನೆಗಳಿವೆ. ಹೋಗುವ ಮೊದಲು ಫೋನ್ ಮಾಡಿ ಮೂರು ಮಾತು ಕೇಳಿ. ಯುರಾಲಜಿಸ್ಟ್ (ಮೂತ್ರದ ತೊಂದರೆಯ ಡಾಕ್ಟರು) ಯಾವ ದಿನ ಇರುತ್ತಾರೆ, ಯಂತ್ರ ಬೈಪೋಲಾರಾ ಲೇಸರಾ, ನಮ್ಮ ಕಾರ್ಡ್ ಈ ಆಪರೇಷನ್‌ಗೆ ನಡೆಯುತ್ತದಾ. ಗುಳಿಗೆಯ ದಾರಿ ಹಿಡಿದವರು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ವರ್ಷಾನುಗಟ್ಟಲೆ ನುಂಗಬೇಕಾದ್ದು, ದರದ ವ್ಯತ್ಯಾಸ ದೊಡ್ಡದಾಗುತ್ತದೆ.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಗುಳಿಗೆಯನ್ನು ತಾವಾಗಿಯೇ ಬಿಡಬಾರದು. ಕಾಕಾನಿಗೆ ಸ್ಟೆಂಟ್ ಹಾಕಿ ಆಗ ಎಂಟು ತಿಂಗಳಾಗಿತ್ತು. ಕ್ಲೋಪಿಡೋಗ್ರೆಲ್ ಬಿಡುವ ಹಾಗಿರಲಿಲ್ಲ. ಅವಸರದ ಕಾರಣವೂ ಇರಲಿಲ್ಲ. ಹೃದಯದ ಡಾಕ್ಟರು, ಯುರಾಲಜಿಸ್ಟ್ ಇಬ್ಬರೂ "ಈಗ ಗುಳಿಗೆ ಸಾಕು" ಅಂದರು.

ಹೊಲದ ಕೆಲಸದವರು ತಿಂಗಳು ನೋಡಿ ದಿನ ಇಟ್ಟುಕೊಳ್ಳಿ. ಆಪರೇಷನ್ ಆಗಿ ನಾಲ್ಕರಿಂದ ಆರು ವಾರ ಭಾರ ಎತ್ತಬಾರದು, ಬೈಕು, ಟ್ರ್ಯಾಕ್ಟರ್ ಹತ್ತಬಾರದು. ಕಬ್ಬಿನ ಕಟಾವಿನ ನಡುವೆ ಮಾಡಿಸಿಕೊಂಡರೆ ಮನೆಯಲ್ಲಿ ಕೂರಲು ಯಾರಿಗೂ ಮನಸ್ಸಾಗುವುದಿಲ್ಲ. ಅಪ್ಪ ಹನ್ನೆರಡನೆಯ ದಿನ ಯಾರಿಗೂ ಹೇಳದೆ ಬೈಕಿನ ಹಿಂದೆ ಕೂತು ಹೊಲಕ್ಕೆ ಹೋಗಿಬಂದರು. ಸಂಜೆ ಮೂತ್ರ ಕೆಂಪಾಗಿತ್ತು. ಒಳಗಿನ ಗಾಯದ ಹೊಪ್ಪಳೆ ಉದುರುವ ಸಮಯ ಅದು. ಜಾಸ್ತಿ ನೀರು ಕುಡಿಸಿ ಮಲಗಿಸಿದೆವು, ಎರಡು ದಿನದಲ್ಲಿ ತಿಳಿಯಾಯಿತು. ಗಡ್ಡೆ ಗಡ್ಡೆಯಾಗಿ ರಕ್ತ ಬಂದರೆ, ಮೂತ್ರ ನಿಂತರೆ, ಚಳಿಜ್ವರ ಬಂದರೆ ಮಾತ್ರ ಕಾಯದೆ ದವಾಖಾನೆಗೆ ಹೋಗಬೇಕು. ಮಲಬದ್ಧತೆ ಆಗದ ಹಾಗೆ ಸೊಪ್ಪು, ಹಣ್ಣು ಕೊಡಿ. ತಿಣುಕಿದರೂ ರಕ್ತ ಬರುತ್ತದೆ.

ಅಪ್ಪ ಈಗ ರಾತ್ರಿ ಒಮ್ಮೆ ಏಳುತ್ತಾರೆ. ಮೂತ್ರಕೋಶದಲ್ಲಿ ಇನ್ನೂ 60 ಎಂಎಲ್ ಉಳಿಯುತ್ತದೆ. ಎರಡು ವರ್ಷ ಮೊದಲೇ ತೋರಿಸಿದ್ದರೆ ಅದೂ ಉಳಿಯುತ್ತಿರಲಿಲ್ಲವೇನೋ ಅಂತ ಡಾಕ್ಟರು ಹೇಳಿದರು.

ಕಾಕಾ ಆಪರೇಷನ್ ಬೇಡ ಅಂದಾಗ ಯುರಾಲಜಿಸ್ಟ್ ಒಪ್ಪಿದರು. ಆದರೆ ಅವರ ಫೈಲಿನ ಹಿಂಬದಿಗೆ ಕನ್ನಡದಲ್ಲೇ ಬರೆದುಕೊಟ್ಟರು. ವರ್ಷಕ್ಕೊಮ್ಮೆ ವೇಗದ ಪರೀಕ್ಷೆ, ಕ್ರಿಯಾಟಿನಿನ್, ಪಿಎಸ್‌ಎ. ಒಳಗೆ ಉಳಿಯುವ ಮೂತ್ರ 200 ಎಂಎಲ್ ದಾಟಿದರೆ, ಕ್ರಿಯಾಟಿನಿನ್ ಏರಿದರೆ, ಒಮ್ಮೆ ಕಟ್ಟಿದರೆ ಮತ್ತೆ ಮಾತಾಡೋಣ. ಕಾಕಾ ಆ ಫೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಹೊಲದ ಉತಾರಗಳ ಜೊತೆ ತಿಜೋರಿಯಲ್ಲಿ ಇಟ್ಟಿದ್ದಾರೆ. ಈ ಸಲ ಉಳಿದದ್ದು 70 ಎಂಎಲ್. ಮುಂದಿನ ಪರೀಕ್ಷೆ ಸಂಕ್ರಾಂತಿ ಕಳೆದ ಮೇಲೆ.